ಯುದ್ಧದ ಮಾತಿನಲ್ಲಿ ‘ಯಾರು’ ಎಲ್ಲಿ ಹೋದರು?

ನೀವು ಕೇಳಿದ್ದು ಇಷ್ಟು: ಯುದ್ಧ, ವಿದೇಶಾಂಗ ನೀತಿ ಅಂತ ಬಂದಾಗ ಮಂತ್ರಿಗಳು, ರಾಯಭಾರಿಗಳು, ಟಿವಿಯಲ್ಲಿ ಕೂರುವ ಪರಿಣತರು ಏನೋ ದೊಡ್ಡದು ಹೇಳಿದ ಹಾಗಿರುತ್ತದೆ, ಆದರೆ ಕೊನೆಗೆ ಕೈಗೆ ಏನೂ ಸಿಗುವುದಿಲ್ಲ. ಬೇಕಂತಲೇ ಹಾಗೆ ಮಾತಾಡುತ್ತಾರಾ? ನಮ್ಮಂಥವರು ಅದನ್ನು ಹೇಗೆ ಓದಬೇಕು?

ಹೌದು, ಬೇಕಂತಲೇ. ಆದರೆ ಪ್ರತಿ ಸಲವೂ ಮೋಸ ಮಾಡೋದಕ್ಕೇ ಅಂತ ತಿಳಿಯಬೇಡಿ. ಕೆಲವು ಸಲ ಜನರ ಜೀವ ಉಳಿಸಲು ಮಾತು ಮಸುಕು ಮಾಡುತ್ತಾರೆ. ಕೆಲವು ಸಲ ಜೀವ ತೆಗೆದವರನ್ನು ಉಳಿಸಲು. ಇವೆರಡನ್ನೂ ಬೇರೆ ಮಾಡಿ ನೋಡುವುದನ್ನು ನಾನು ಕೆಲಸ ಮಾಡುತ್ತಾ ಕಲಿತೆ. ಅದನ್ನೇ ಹೇಳುತ್ತೇನೆ.

ನಾನು ಕಾರವಾರದವಳು. ಇಪ್ಪತ್ತು ವರ್ಷ ಹುಬ್ಬಳ್ಳಿಯಲ್ಲಿ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ಈಗ ಊರಿಗೆ ಬಂದು ನೆಲೆಸಿದ್ದೇನೆ. ಏಜೆನ್ಸಿಯಿಂದ ಇಂಗ್ಲಿಷಿನಲ್ಲಿ ಬರುವ ಕಾಪಿಯನ್ನು ಕನ್ನಡಕ್ಕೆ ತರುವುದು ನನ್ನ ಕೆಲಸವಾಗಿತ್ತು. ವಿದೇಶದ ಸುದ್ದಿ ಜಾಸ್ತಿ ನನ್ನ ಪಾಲಿಗೇ ಬರುತ್ತಿತ್ತು. ಸುಮ್ನೆ ಓದುವವರು ಒಂದು ವಾಕ್ಯದ ಮೇಲೆ ಜಾರಿಕೊಂಡು ಹೋಗಬಹುದು. ಅನುವಾದ ಮಾಡುವವರಿಗೆ ಹಾಗಾಗುವುದಿಲ್ಲ. ಕನ್ನಡದ ಕ್ರಿಯಾಪದ ಬಾಲದಲ್ಲೇ ‘ಯಾರು’ ಅನ್ನುವುದನ್ನು ಹೊತ್ತುಕೊಂಡು ಬರುತ್ತದೆ. ಹೊಡೆದ, ಹೊಡೆದಳು, ಹೊಡೆದರು. ಇಂಗ್ಲಿಷಿನಲ್ಲಿ ಮಾಡಿದವರು ಕಾಣದಿದ್ದರೆ ನಮ್ಮ ಕೈ ಅಲ್ಲೇ ನಿಲ್ಲುತ್ತದೆ. ‘ಕೊಲ್ಲಲ್ಪಟ್ಟರು’ ಅಂತ ಬರೆದು ದಾಟಬಹುದು, ನಿಜ. ಆದರೆ ಮನೆಯಲ್ಲಿ, ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಯಾರಾದರೂ ‘ಅಲ್ಪಟ್ಟರು’ ಅಂತ ಮಾತಾಡಿದ್ದು ಕೇಳಿದ್ದೀರಾ? ಅದು ಕಚೇರಿ ಕಾಗದದ ಕನ್ನಡ.

2022ರ ಮಾರ್ಚ್ 1. ಅವತ್ತು ಶಿವರಾತ್ರಿ. ಮಧ್ಯಾಹ್ನ ದೆಹಲಿಯಿಂದ ವಿದೇಶಾಂಗ ಸಚಿವಾಲಯದ ನಾಲ್ಕು ಸಾಲು ಬಂತು. ಆ ಬೆಳಿಗ್ಗೆ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಯಲ್ಲಿ ಒಬ್ಬ ಭಾರತೀಯ ವಿದ್ಯಾರ್ಥಿ ಪ್ರಾಣ ಕಳೆದುಕೊಂಡಿದ್ದಾನೆ ಅಂತ ಅದರಲ್ಲಿತ್ತು. ಹುಡುಗ ಹಾವೇರಿ ಜಿಲ್ಲೆಯವನು ಅಂತ ಸ್ವಲ್ಪ ಹೊತ್ತಿಗೇ ತಿಳಿಯಿತು. ಹಾವೇರಿ ನಮ್ಮ ಆವೃತ್ತಿಯ ಜಿಲ್ಲೆ. ವರದಿಗಾರರು ಅವನ ಊರಿಗೆ ಹೊರಟರು. ಮೇಲಿನ ಸಾಲು ಬರೆಯುವ ಕೆಲಸ ನನ್ನ ಮುಂದಿತ್ತು.

‘ಪ್ರಾಣ ಕಳೆದುಕೊಂಡ’ ಅಂತ ಟೈಪ್ ಮಾಡಿ ಸುಮ್ಮನೆ ಕೂತೆ. ಆ ಮಾತನ್ನು ನಾವು ದಿನಕ್ಕೆ ಹತ್ತು ಸಲ ಬರೆಯುತ್ತೇವೆ. ಅವತ್ತು ಮೊದಲ ಸಲ ಅದರ ಒಳಗೆ ಏನಿದೆ ಅಂತ ಕಂಡಿತು. ಕಳೆದುಕೊಂಡವನು ಅವನೇ. ಪರ್ಸು ಕಳೆದುಕೊಂಡ ಹಾಗೆ, ಕೊಡೆ ಕಳೆದುಕೊಂಡ ಹಾಗೆ. ವಾಕ್ಯದಲ್ಲಿ ಇರುವ ಒಬ್ಬನೇ ಮನುಷ್ಯ ಸತ್ತವನು. ಇರುವ ಒಂದೇ ಕೆಲಸವನ್ನೂ ಅವನೇ ಮಾಡಿದ ಹಾಗಿದೆ. ಶೆಲ್ ಹಾರಿಸಿದವರು ಎಲ್ಲೂ ಇಲ್ಲ. ಖಾರ್ಕಿವ್ ನಗರದ ಮೇಲೆ ಅವತ್ತು ಶೆಲ್ ಹಾಕುತ್ತಿದ್ದದ್ದು ರಷ್ಯಾದ ಸೇನೆ. ಅದು ಇಡೀ ಜಗತ್ತಿಗೆ ಗೊತ್ತಿತ್ತು. ದೆಹಲಿಯ ಆ ಸಾಲುಗಳಲ್ಲಿ ಮಾತ್ರ ಶೆಲ್ ತಾನಾಗಿಯೇ ಬಂದು ಬಿದ್ದಿತ್ತು.

ನನಗೆ ಸಿಟ್ಟು ಬಂತು. ಮುಖ್ಯ ಉಪಸಂಪಾದಕರ ಮೇಜಿಗೆ ಹೋಗಿ, ಇದರಲ್ಲಿ ರಷ್ಯಾ ಹೆಸರೇ ಇಲ್ಲವಲ್ಲ ಸಾರ್ ಅಂದೆ. ಅವರು ನನ್ನನ್ನು ಕೂರಿಸಿ ಹೇಳಿದರು: "ಉಳಿದ ಸಾಲನ್ನೂ ಓದಮ್ಮ." ಓದಿದೆ. ರಷ್ಯಾ ಮತ್ತು ಉಕ್ರೇನ್ ಎರಡೂ ದೇಶದ ರಾಯಭಾರಿಗಳನ್ನು ವಿದೇಶಾಂಗ ಕಾರ್ಯದರ್ಶಿ ಕರೆಸುತ್ತಿದ್ದಾರೆ, ನಮ್ಮವರು ಸುರಕ್ಷಿತವಾಗಿ ಹೊರಗೆ ಬರಲು ದಾರಿ ಬಿಡಿ ಅಂತ ಮತ್ತೆ ಒತ್ತಾಯಿಸುತ್ತಾರೆ ಅಂತ ಇತ್ತು. ಯುದ್ಧ ಶುರುವಾಗುವ ಮುಂಚೆ ಉಕ್ರೇನ್‌ನಲ್ಲಿ ಸುಮಾರು 20 ಸಾವಿರ ಭಾರತೀಯರಿದ್ದರು, ಹೆಚ್ಚಿನವರು ವಿದ್ಯಾರ್ಥಿಗಳು. ತುಂಬ ಮಕ್ಕಳು ಇನ್ನೂ ಖಾರ್ಕಿವ್, ಸುಮಿಯ ನೆಲಮಾಳಿಗೆಗಳಲ್ಲಿದ್ದರು. ಅವರು ಹೊರಗೆ ಬರಬೇಕಾದರೆ ಶೆಲ್ ಹಾಕುತ್ತಿದ್ದವರೇ ಕೈ ತಡೆಯಬೇಕಿತ್ತು.

ಆಗ ನನಗೆ ಅರ್ಥವಾಯಿತು. ದೆಹಲಿಯವರು ಆ ಜಾಗ ಖಾಲಿ ಬಿಟ್ಟದ್ದು ಉಳಿದ ಮಕ್ಕಳಿಗಾಗಿ. ಅವರ ಕೆಲಸ ಅದು, ಮಾಡಲಿ. ಆದರೆ ಪತ್ರಿಕೆಗೆ ಆ ಹೊಣೆ ಇರಲಿಲ್ಲ. ನಮ್ಮ ಓದುಗರಿಗೆ ಖಾಲಿ ಜಾಗ ಕೊಡುವ ಅಗತ್ಯವೂ ಇರಲಿಲ್ಲ. ಕೊನೆಗೆ ಹೆಡ್ಡಿಂಗ್‌ನಲ್ಲಿ ‘ಖಾರ್ಕಿವ್ ಮೇಲೆ ರಷ್ಯಾ ದಾಳಿ’ ಅಂತಲೇ ಹಾಕಿದೆವು. ಕೆಳಗಡೆ ಸಚಿವಾಲಯದ ಹೇಳಿಕೆಯನ್ನು ಇದ್ದ ಹಾಗೇ ಕೊಟ್ಟೆವು.

ಅವತ್ತಿನಿಂದ ಯಾವ ಹೇಳಿಕೆ ನೋಡಿದರೂ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಇಲ್ಲಿ ಯಾರನ್ನು ಬಿಟ್ಟಿದ್ದಾರೆ? ಬಿಟ್ಟದ್ದರಿಂದ ಉಳಿಯುವವರು ಯಾರು?

ಇದರ ಎದುರಿಗೆ ಕಾಬೂಲಿನದು ಇಟ್ಟು ನೋಡಿ. 2021ರ ಆಗಸ್ಟ್ 29ಕ್ಕೆ ಅಮೆರಿಕದ ಡ್ರೋನ್ ಒಂದು ಮನೆಯಂಗಳದಲ್ಲಿದ್ದ ಕಾರಿಗೆ ಹೊಡೆಯಿತು. ಉಗ್ರರನ್ನು ಹೊಡೆದೆವು ಅಂದರು. ಅಮೆರಿಕದ ಆಗಿನ ಅತಿ ದೊಡ್ಡ ಸೇನಾಧಿಕಾರಿ ಜನರಲ್ ಮಾರ್ಕ್ ಮಿಲ್ಲಿ, ಎಲ್ಲ ಕ್ರಮ ಪಾಲಿಸಿದ್ದೇವೆ, ಇದು ‘ನ್ಯಾಯದ ದಾಳಿ’ ಅಂದರು. ಪತ್ರಕರ್ತರು ಆ ಮನೆಗೆ ಹೋಗಿ ಅಕ್ಕಪಕ್ಕದವರನ್ನು ಮಾತಾಡಿಸಿದರು. ಸೆಪ್ಟೆಂಬರ್ 17ಕ್ಕೆ ಪೆಂಟಗನ್ ಒಪ್ಪಿಕೊಂಡಿತು: ಸತ್ತವರು 10 ಜನ ಸಾಮಾನ್ಯರು, ಅವರಲ್ಲಿ 7 ಮಕ್ಕಳು. ಆ ಮೂರು ವಾರ ದೊಡ್ಡ ದೊಡ್ಡ ಮಾತುಗಳ ಹಿಂದೆ ಉಳಿದದ್ದು ಯಾರು? ಹೊಡೆದವರು. ಆ ಮಾತಿನಿಂದ ಒಂದು ಮಗುವೂ ಬದುಕಲಿಲ್ಲ.

ಶಬ್ದ ಸಣ್ಣದಿದ್ದಷ್ಟೂ ಜಾಸ್ತಿ ಹುಷಾರಾಗಿರಬೇಕು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಜಿ20 ನಡೆಯಿತಲ್ಲ, ಎಲ್ಲರೂ ಒಪ್ಪಿದ ಘೋಷಣೆ ಬರುವುದೇ ಕಷ್ಟ ಅಂತ ಎಲ್ಲರೂ ಅಂದುಕೊಂಡಿದ್ದರು. ಬಂತು. ಹಿಂದಿನ ವರ್ಷದ ಬಾಲಿ ಘೋಷಣೆಯಲ್ಲಿ ಉಕ್ರೇನ್ ಮೇಲೆ ರಷ್ಯಾದ ಆಕ್ರಮಣ ಅನ್ನುವ ಮಾತಿತ್ತು. ದೆಹಲಿಯದರಲ್ಲಿ ‘ಉಕ್ರೇನ್‌ನಲ್ಲಿ ಯುದ್ಧ’ ಅಂತಾಯಿತು. ‘ಮೇಲೆ’ ಹೋಯಿತು, ‘ಅಲ್ಲಿ’ ಬಂತು. ನೋಡಲು ಸಣ್ಣ ಬದಲಾವಣೆ. ಆದರೆ ‘ಮೇಲೆ’ ಅಂದರೆ ಮಾಡಿದವನೊಬ್ಬ ಇರಲೇಬೇಕು. ‘ಅಲ್ಲಿ’ ಅಂದರೆ ಯುದ್ಧ ಮಳೆಯ ಹಾಗೆ, ಬರದ ಹಾಗೆ ಆಗುತ್ತಿದೆ. ಇದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ ಅಂತ ಉಕ್ರೇನ್ ವಿದೇಶಾಂಗ ಸಚಿವಾಲಯದ ವಕ್ತಾರರು ಅಂದರು. ಅವರ ಜಾಗದಲ್ಲಿ ನಿಂತರೆ ನಾನೂ ಅದನ್ನೇ ಅನ್ನುತ್ತಿದ್ದೆ. ಆತಿಥೇಯರ ಜಾಗದಲ್ಲಿ ನಿಂತರೆ, ರಷ್ಯಾವನ್ನೂ ಪಶ್ಚಿಮದ ದೇಶಗಳನ್ನೂ ಒಂದೇ ಮೇಜಿನಲ್ಲಿ ಉಳಿಸಿಕೊಂಡ ಸಮಾಧಾನವೂ ಇರುತ್ತದೆ. ಇದು ನನಗೆ ಇವತ್ತಿಗೂ ಪೂರ್ತಿ ಇತ್ಯರ್ಥವಾಗದ ಉದಾಹರಣೆ.

2003ರಲ್ಲಿ ನಮ್ಮ ಲೋಕಸಭೆಯಲ್ಲೂ ಇಂಥದ್ದು ನಡೆದಿತ್ತು. ಇರಾಕ್ ಮೇಲೆ ಅಮೆರಿಕ ನುಗ್ಗಿತ್ತು. ವಿರೋಧ ಪಕ್ಷಗಳಿಗೆ ‘ಖಂಡಿಸುತ್ತೇವೆ’ ಅಂತ ಬೇಕಿತ್ತು. ವಾಜಪೇಯಿ ಸರ್ಕಾರಕ್ಕೆ ಅಷ್ಟು ಗಟ್ಟಿ ಮಾತು ಬೇಡವಾಗಿತ್ತು. ಏಪ್ರಿಲ್‌ನಲ್ಲಿ ನಿರ್ಣಯ ಬಂದಾಗ ಹಿಂದಿಯಲ್ಲಿ ‘ನಿಂದಾ’ ಅನ್ನುವ ಶಬ್ದ ಸಿಕ್ಕಿತು. ಅದನ್ನು ಖಂಡನೆ ಅಂತಲೂ ಓದಬಹುದು, ಅದಕ್ಕಿಂತ ಮೆತ್ತಗೂ ಓದಬಹುದು. ಇಂಗ್ಲಿಷಿನಲ್ಲಿ ಮೆತ್ತಗಿನದೇ ಆಯಿತು. ಆದರೆ ಶಬ್ದ ನೋಡಿ ಅಲ್ಲಿಗೇ ಬಿಡಬೇಡಿ, ಆಮೇಲೆ ಏನು ಮಾಡಿದರು ಅಂತಲೂ ನೋಡಿ. ಅದೇ ಜುಲೈನಲ್ಲಿ ಅಮೆರಿಕ ಕೇಳಿದ ಸೈನ್ಯವನ್ನು ಇರಾಕಿಗೆ ಕಳಿಸುವುದಿಲ್ಲ ಅಂತ ಅದೇ ಸರ್ಕಾರ ತೀರ್ಮಾನಿಸಿತು. ಮಾತು ಮೆತ್ತಗಿತ್ತು, ಕೆಲಸ ಗಟ್ಟಿಯಾಗಿತ್ತು. ನಮ್ಮ ಹುಡುಗರು ಆ ಮರಳಿನಲ್ಲಿ ಸಾಯಲಿಲ್ಲ.

ಹೆಸರು ಬದಲಿಸುವುದು ಇದರ ಇನ್ನೊಂದು ರೂಪ. ಇದಕ್ಕೆ ಉದಾಹರಣೆ ಹುಡುಕಿ ನಾನು ದೂರ ಹೋಗಬೇಕಿಲ್ಲ. ಬಿಣಗಾ ಕಡೆಯ ಗುಡ್ಡ ಹತ್ತಿದರೆ ಸಮುದ್ರದಲ್ಲಿ ಅಂಜುದೀವ್ ಕಾಣುತ್ತದೆ. ಕಾರವಾರದ ಕಣ್ಣೆದುರಿನ ದ್ವೀಪ, ಆದರೆ 1961ರ ತನಕ ಪೋರ್ಚುಗೀಸರದು, ಗೋವಾದ ಲೆಕ್ಕಕ್ಕೆ ಸೇರಿದ್ದು. ನನ್ನ ಅಮ್ಮನಿಗೆ ಆಗ ಒಂಬತ್ತು ವರ್ಷ. ಆ ನವೆಂಬರ್‌ನಲ್ಲಿ ದ್ವೀಪದಿಂದ ‘ಸಾಬರಮತಿ’ ಅನ್ನುವ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಕ್ಕೆ ಮೀನುಗಾರರ ದೋಣಿಗೂ ಹಾರಿಸಿದರು, ಒಬ್ಬ ಮೀನುಗಾರ ಸತ್ತ. ಅಮ್ಮ ಇವತ್ತಿಗೂ ಅದನ್ನು ಹೇಳುವುದು ಒಂದೇ ರೀತಿ: "ಪಾಖ್ಲೆಗಳು ಹೊಡೆದರು, ನಮ್ಮವನು ಸತ್ತ." ಪೋರ್ಚುಗೀಸರಿಗೆ ನಮ್ಮ ಕಡೆ ಹಾಗನ್ನುತ್ತಿದ್ದರು. ಎರಡು ತುಂಡು ವಾಕ್ಯ. ಯಾರು, ಯಾರನ್ನು, ಏನಾಯಿತು, ಎಲ್ಲ ಬಂತು.

ಈಗ ದೊಡ್ಡವರು ಇದನ್ನು ಹೇಗೆ ಹೇಳಿದರು ನೋಡಿ. ಪೋರ್ಚುಗಲ್ 1951ರಲ್ಲೇ ತನ್ನ ಸಂವಿಧಾನ ತಿದ್ದಿ, ‘ವಸಾಹತು’ ಅನ್ನುವ ಶಬ್ದ ತೆಗೆದು ‘ಸಾಗರದಾಚೆಯ ಪ್ರಾಂತ್ಯ’ ಅಂತ ಮಾಡಿಕೊಂಡಿತ್ತು. 1955ರಲ್ಲಿ ವಿಶ್ವಸಂಸ್ಥೆಗೆ ಸೇರಿದ ಮೇಲೆ, ನಿಮ್ಮ ಕೈಕೆಳಗಿನ ನಾಡುಗಳು ಯಾವುವು ಅಂತ ಕೇಳಿದರೆ ಯಾವುದೂ ಇಲ್ಲ ಅಂದಿತು. ಗೋವಾ ನಮ್ಮ ದೇಶದ್ದೇ ಒಂದು ಪ್ರಾಂತ್ಯ, ಲಿಸ್ಬನ್ ಹೇಗೋ ಪಣಜಿ ಹಾಗೇ ಅನ್ನುವ ವಾದ. ಗೋವಾ ಗಡಿಯ ನಮ್ಮ ಮಾಜಾಳಿ ದಾಟಿದರೆ ಯುರೋಪು ಅಂದ ಹಾಗಾಯಿತು. 1960ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ವಾದ ಒಪ್ಪದೆ, ಗೋವಾ ಸ್ವಯಮಾಡಳಿತ ಇಲ್ಲದ ನಾಡು ಅಂತ ಪಟ್ಟಿಗೆ ಹಾಕಿತು.

ಒಂದು ವರ್ಷದ ಮೇಲೆ, 1961ರ ಡಿಸೆಂಬರ್ 18ಕ್ಕೆ, ನಮ್ಮ ಸೇನೆ ಗೋವಾಕ್ಕೆ ಹೋಯಿತು. ಅದೇ ದಿನ ಐಎನ್‌ಎಸ್ ತ್ರಿಶೂಲ್, ಐಎನ್‌ಎಸ್ ಮೈಸೂರು ಅಂಜುದೀವ್ ಕಡೆ ಬಂದವು. ಅಮ್ಮನ ಮನೆಯವರು ಮೊದಲು ಗುಡುಗು ಅಂದುಕೊಂಡರಂತೆ. ಡಿಸೆಂಬರ್‌ನಲ್ಲಿ ಎಲ್ಲಿಯ ಗುಡುಗು ಅಂತ ಅಜ್ಜ ಹೊರಗೆ ಬಂದು ಸಮುದ್ರದ ಕಡೆ ನೋಡುತ್ತಾ ನಿಂತಿದ್ದರು. ದ್ವೀಪ ಹಿಡಿಯುವಾಗ ನಮ್ಮ 7 ನಾವಿಕರು ಸತ್ತರು. ಮರುದಿನ ಗೋವಾದ ಪೋರ್ಚುಗೀಸ್ ಗವರ್ನರ್ ಶರಣಾದರು.

ನಮಗೆ ಅದು ವಿಮೋಚನೆ, ಪೋರ್ಚುಗಲ್‌ಗೆ ಆಕ್ರಮಣ. ಭದ್ರತಾ ಮಂಡಳಿಯಲ್ಲಿ ಅಮೆರಿಕದ ಪ್ರತಿನಿಧಿ ಅಡ್ಲೈ ಸ್ಟೀವನ್‌ಸನ್ ಎದ್ದು, ಇದು ವಿಶ್ವಸಂಸ್ಥೆಯ ಸಾವಿನಲ್ಲಿ ಮುಗಿಯಬಹುದಾದ ನಾಟಕದ ಮೊದಲ ಅಂಕ ಅನ್ನುವ ಅರ್ಥದ ಮಾತಾಡಿದರು. ನಿರ್ಣಯವನ್ನು ಸೋವಿಯತ್ ಒಕ್ಕೂಟ ವೀಟೋ ಮಾಡಿತು. ನಾನು ಕಾರವಾರದವಳು, ನನಗೆ ಅದು ವಿಮೋಚನೆಯೇ. ನಾಲ್ಕೂವರೆ ಶತಮಾನ ಇನ್ನೊಬ್ಬರ ಮನೆಯಲ್ಲಿ ಕೂತವರು ಶಬ್ದ ಬದಲಿಸಿದರೆ ಮನೆ ಅವರದ್ದಾಗುವುದಿಲ್ಲ. ಆದರೆ ಎರಡೂ ಕಡೆಯ ಭಾಷಣ ಓದಿದಾಗ ನನ್ನನ್ನು ಕಾಡಿದ್ದು ಬೇರೆ. ನ್ಯೂಯಾರ್ಕಿನಲ್ಲಿ ಎಲ್ಲರೂ ತತ್ವದ ಬಗ್ಗೆ ಮಾತಾಡಿದರು. ಆ ಮೀನುಗಾರ ಅಲ್ಲಿಗೆ ಹೋಗುವ ಹೊತ್ತಿಗೆ ಒಂದು ‘ಪ್ರಚೋದನೆಯ ಘಟನೆ’ ಆಗಿದ್ದ.

ಹೆಸರು ಬದಲಿಸುವುದು ನಮ್ಮವರಿಗೂ ಗೊತ್ತು. ಬೀದರ, ಕಲಬುರಗಿ ಕಡೆಯವರನ್ನು ಕೇಳಿ, ‘ಪೊಲೀಸ್ ಆ್ಯಕ್ಷನ್’ ಅಂತ ಇವತ್ತಿಗೂ ಅನ್ನುತ್ತಾರೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿಗೆ ಹೋದದ್ದು ಟ್ಯಾಂಕುಗಳ ಸಮೇತ ಸೈನ್ಯ. ನಿಜಾಮನ ಸರ್ಕಾರ ಆಗಲೇ ವಿಶ್ವಸಂಸ್ಥೆಗೆ ದೂರು ಕೊಟ್ಟಿತ್ತು. ಪೊಲೀಸ್ ಅಂದರೆ ಅದು ಮನೆಯೊಳಗಿನ ವಿಷಯ, ಹೊರಗಿನವರು ತಲೆಹಾಕುವಂತಿಲ್ಲ. ರಜಾಕಾರರ ಕಾಟದಿಂದ ಬಿಡುಗಡೆ ಬೇಕಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ದಿನಗಳಲ್ಲಿ ಮತ್ತು ಆಮೇಲೆ 27ರಿಂದ 40 ಸಾವಿರ ಜನ ಸತ್ತರು ಅಂತ ಭಾರತ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಪೊಲೀಸ್ ಅಂದ ಮೇಲೆ ಯುದ್ಧ ಇಲ್ಲ. ಯುದ್ಧ ಇಲ್ಲ ಅಂದ ಮೇಲೆ ಸತ್ತವರ ಲೆಕ್ಕ ಯಾರು ಕೇಳುತ್ತಾರೆ? ರಷ್ಯಾ 2022ರಲ್ಲಿ ‘ವಿಶೇಷ ಸೇನಾ ಕಾರ್ಯಾಚರಣೆ’ ಅಂದದ್ದೂ ಇದೇ ದಾರಿ. ಅಲ್ಲಿ ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು ಅಂತ ಕಾನೂನೇ ಬಂತು.

ಇನ್ನು ಟಿವಿ ಪರಿಣತರ ವಿಷಯ. 2025ರ ಮೇ, ‘ಆಪರೇಷನ್ ಸಿಂಧೂರ’ದ ದಿನಗಳು, ಪಾಕಿಸ್ತಾನದ ಜೊತೆ ಕಾದಾಟ ನಡೆದಿತ್ತು. ಮೇ 8ರ ರಾತ್ರಿ ನಮ್ಮ ಊರಿನಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಇಲ್ಲಿ ನೌಕಾನೆಲೆ ಇದೆ, ಆ ಕಡೆ ಕೈಗಾ ಅಣುಸ್ಥಾವರ ಇದೆ. ಕೇಂದ್ರ ಸರ್ಕಾರದ ಅಣಕು ಕಾರ್ಯಾಚರಣೆಯ ಪಟ್ಟಿಯಲ್ಲಿ ಬೆಂಗಳೂರು, ರಾಯಚೂರಿನ ಜೊತೆ ಕಾರವಾರದ ಹೆಸರೂ ಇತ್ತು. ಹನ್ನೊಂದೂವರೆಗೆ ಪಕ್ಕದ ಮನೆಯ ಅಕ್ಕ ಬಾಗಿಲು ತಟ್ಟಿದರು. ಅವರ ಮಗ ನೌಕಾಪಡೆಯಲ್ಲಿ, ಹಡಗಿನ ಮೇಲೆ. ನಾಲ್ಕು ದಿನದಿಂದ ಫೋನ್ ಇಲ್ಲ. ನಮ್ಮ ಹಡಗುಗಳು ಕರಾಚಿ ಬಂದರನ್ನು ಹೊಡೆದು ಉರಿಸುತ್ತಿವೆ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಅಕ್ಕನ ಕೈ ನಡುಗುತ್ತಿತ್ತು. "ನಿಜವಾ ತಂಗಿ? ನೀನು ಪೇಪರಿನಲ್ಲಿದ್ದವಳು."

ನಾನು ಅವರನ್ನು ಕೂರಿಸಿ ನೀರು ಕೊಟ್ಟೆ. ಇಬ್ಬರೂ ಟಿವಿ ಮುಂದೆ ಕೂತು ಒಂದೇ ಕೆಲಸ ಮಾಡಿದೆವು. ಹೇಳುತ್ತಿರುವವರು ಯಾರು ಅಂತ ಗಮನಿಸಿದೆವು. ನಿರೂಪಕರು ಹೇಳುತ್ತಿದ್ದರು. ನಿವೃತ್ತ ಅಧಿಕಾರಿಗಳು ಹೌದು ಹೌದು ಅನ್ನುತ್ತಿದ್ದರು. ಕೆಳಗೆ ‘ಮೂಲಗಳು’ ಅಂತ ಓಡುತ್ತಿತ್ತು. ನೌಕಾಪಡೆ ಮಾತ್ರ ಏನೂ ಹೇಳಿರಲಿಲ್ಲ, ರಕ್ಷಣಾ ಸಚಿವಾಲಯವೂ ಹೇಳಿರಲಿಲ್ಲ. "ಮಾಡಿದವರೇ ಹೇಳುವ ತನಕ ನಂಬಬೇಡಿ ಅಕ್ಕ" ಅಂದು ಟಿವಿ ಆರಿಸಿದೆ. ಅವರು ರಾತ್ರಿ ನಮ್ಮಲ್ಲೇ ಇದ್ದರು. ಮೇ 11ಕ್ಕೆ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು ಬೇರೆಯೇ: ಕರಾಚಿ ಸೇರಿ ಗುರಿಗಳನ್ನು ನಮಗೆ ಬೇಕಾದ ಹೊತ್ತಿಗೆ ಹೊಡೆಯಲು ನೌಕಾಪಡೆ ಸಿದ್ಧವಾಗಿ ನಿಂತಿತ್ತು. ನಿಂತಿತ್ತು, ಹೊಡೆದಿರಲಿಲ್ಲ. ಒಬ್ಬ ತಾಯಿಗೆ ಈ ಎರಡು ಕ್ರಿಯಾಪದಗಳ ನಡುವೆ ಎಷ್ಟು ಅಂತರ ಇದೆ ಅಂತ ಆ ಸ್ಟುಡಿಯೊಗಳಲ್ಲಿ ಯಾರೂ ಯೋಚಿಸಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಅದೇ ವಾರ ಸರ್ಕಾರದ ಮಾತು ಹೇಗಿತ್ತು ಅಂತ ಪಕ್ಕದಲ್ಲಿಟ್ಟು ನೋಡಿ. ಮೇ 7ರ ಬೆಳಗಿನ ಜಾವದ ಹೇಳಿಕೆಯಲ್ಲಿ ದಾಳಿ ಗುರಿಗೆ ಸೀಮಿತ, ಅಳತೆ ಮೀರಿಲ್ಲ, ಜಗಳ ಬೆಳೆಸುವಂಥದ್ದಲ್ಲ, ಪಾಕಿಸ್ತಾನದ ಸೇನಾ ನೆಲೆ ಮುಟ್ಟಿಲ್ಲ ಅಂತ ಇತ್ತು. ಓದುವುದಕ್ಕೆ ನಮಗೆ, ಆದರೆ ಹೇಳಿದ್ದು ಇಸ್ಲಾಮಾಬಾದಿಗೆ: ಇಲ್ಲಿಗೇ ನಿಲ್ಲಿಸಲು ನಿಮಗೆ ಜಾಗ ಬಿಟ್ಟಿದ್ದೇವೆ. ಮೇ 10ಕ್ಕೆ ಅಮೆರಿಕ ಅಧ್ಯಕ್ಷರು ‘ಕದನ ವಿರಾಮ’ ಅಂತ ಸಾರಿದರೆ, ದೆಹಲಿ ಆ ಶಬ್ದದಿಂದ ದೂರ ಉಳಿಯಿತು. ಎರಡೂ ಸೇನೆಯ ಅಧಿಕಾರಿಗಳು ಮಾತಾಡಿ ಗುಂಡು ನಿಲ್ಲಿಸಲು ಒಪ್ಪಿದ್ದಾರೆ ಅಂತಷ್ಟೇ ಅಂದಿತು. 1972ರ ಶಿಮ್ಲಾ ಒಪ್ಪಂದದಿಂದ ಈಚೆಗೆ, ನಮ್ಮಿಬ್ಬರ ನಡುವೆ ಮೂರನೆಯವರು ಬೇಡ ಅನ್ನುವುದು ನಮ್ಮ ನಿಲುವು. ಇಂಥ ಶಬ್ದದ ಬಿಗಿಯನ್ನು ನಾನು ಗೌರವಿಸುತ್ತೇನೆ.

ಕೊನೆಗೆ ಒಂದು ಶಬ್ದ, ನಮ್ಮ ಊರಿನದೇ. ‘ಆಯಕಟ್ಟಿನ ಜಾಗ’. ಕಾರವಾರದ ಬಗ್ಗೆ ರಕ್ಷಣಾ ಪರಿಣತರು ಬರೆದದ್ದು ಓದಿದರೆ ಹೀಗಿರುತ್ತದೆ: ಆಳದ ನೀರು, ಬೆನ್ನಿಗೆ ಸಹ್ಯಾದ್ರಿ, ಮುಂಬೈ ಮತ್ತು ಕೊಚ್ಚಿಯ ನಡುವೆ. ಎಲ್ಲ ನಿಜ. 1986ರಲ್ಲಿ ರಾಜೀವ್ ಗಾಂಧಿ ಇಲ್ಲಿಯ ನೌಕಾನೆಲೆ ಯೋಜನೆ ಸೀಬರ್ಡ್‌ಗೆ ಅಡಿಗಲ್ಲು ಹಾಕಿದರು, 2005ರಲ್ಲಿ ಆ ನೆಲೆ, ಐಎನ್‌ಎಸ್ ಕದಂಬ ಶುರುವಾಯಿತು. 2025ರ ಏಪ್ರಿಲ್‌ನಲ್ಲಿ 9 ಸ್ನೇಹಿತ ದೇಶಗಳ 44 ನಾವಿಕರನ್ನು ಹೊತ್ತ ನಮ್ಮ ನೌಕಾಪಡೆಯ ಹಡಗು ‘ಐಒಎಸ್ ಸಾಗರ್’ ಇಲ್ಲಿಂದಲೇ ಹೊರಟಿತು. ಆ ದಿನ ನನಗೂ ಹೆಮ್ಮೆ ಆಯಿತು. ನೆಲೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು, ಗುಡ್ಡ, ದೂರ ಅಂತ ಬರೆಯುವ ಆ ವಾಕ್ಯದಲ್ಲಿ ಊರುಗಳಿಲ್ಲ. ಕಾರವಾರ, ಅಂಕೋಲಾ ತಾಲ್ಲೂಕಿನ ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಗದ್ದೆ, ತೆಂಗು, ದೋಣಿ ಎಳೆಯುವ ಕಡಲತೀರ ಬಿಟ್ಟವು. ಅವರಿಗೆ ಸಿಕ್ಕ ಹೆಸರು ‘ಸೀಬರ್ಡ್ ನಿರಾಶ್ರಿತರು’. ಯುದ್ಧವೇ ನಡೆಯದ ಊರಿನಲ್ಲಿ ಯುದ್ಧದ ಶಬ್ದ.

ನನ್ನ ಕಣ್ಣಿಗೆ ಅವರೂ ನಮ್ಮ ವಿದೇಶಾಂಗ ನೀತಿಯ ಒಂದು ವಾಕ್ಯವೇ. ‘ಭಾರತ ತನ್ನ ಸಾಗರ ಶಕ್ತಿ ಹೆಚ್ಚಿಸಿಕೊಂಡಿತು’ ಅನ್ನುವಲ್ಲಿ ‘ಜಾಗ ಕೊಟ್ಟವರು ಯಾರು’ ಅಂತ ಕೇಳಿದರೆ ಅವರು ಕಾಣುತ್ತಾರೆ.

ಮುಂದಿನ ಸಲ ಟಿವಿಯಲ್ಲೋ ಪೇಪರಿನಲ್ಲೋ ಇಂಥ ಒಂದು ಹೇಳಿಕೆ ಬಂದರೆ ಅದನ್ನು ನಿಮ್ಮ ಮನೆ ಮಾತಿಗೆ ತನ್ನಿ. ನಿಮ್ಮ ಅಮ್ಮನಿಗೋ ಅಜ್ಜಿಗೋ ಹೇಳುವ ಹಾಗೆ ಬರೆದು ನೋಡಿ. ಅವರು ಎಲ್ಲಿ ತಡೆದು "ಯಾರು?" ಅಂತ ಕೇಳುತ್ತಾರೋ ಅಲ್ಲಿ ಗುರುತು ಹಾಕಿ. ಬಿಡಿಸಲು ಆಗದಿದ್ದರೆ ಆ ವಾಕ್ಯವನ್ನು ಇಲ್ಲಿ ಹಾಕಿ, ಕೂಡಿ ನೋಡೋಣ.